ಎಂಟು ವರ್ಷದ ಪಿಎಚ್‌ಪಿ ಅನುಭವ ವೇಸ್ಟ್ ಆಯ್ತಾ?

ಪ್ರಶ್ನೆ: ಮೇಡಂ, ಎಂಟು ವರ್ಷದಿಂದ ಒಂದೇ ಕಂಪನೀಲಿ ಪಿಎಚ್‌ಪಿ 5.6 ರಲ್ಲಿ ವೆಬ್‌ಸೈಟ್ ಕೋಡ್ ಬರೀತಿದೀನಿ. ಬೇರೆ ಕೆಲಸ ನೋಡೋಣ ಅಂದ್ರೆ ಎಲ್ಲಾ ಕಡೆ ಪೈಥಾನ್, ರಿಯಾಕ್ಟ್, ಡಾಕರ್ ಅಂತಾನೇ ಕೇಳ್ತಾರೆ. ಮೂರು ಆನ್‌ಲೈನ್ ಕೋರ್ಸ್ ಶುರು ಮಾಡಿದೆ, ಒಂದೂ ಮುಗೀಲಿಲ್ಲ. ಎಲ್ಲಿಂದ ಹಿಡೀಲಿ?

ಉತ್ತರ: ಮೊದ್ಲು ಆ ಮೂರೂ ಕೋರ್ಸ್ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಪಿಎಚ್‌ಪಿಗಿಂತ ಆ 5.6 ನೋಡಿ ನಂಗೆ ಯೋಚನೆ ಆಯ್ತು, ಅದಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಬರೋದು 2018ರ ಕೊನೆಗೇ ನಿಂತೋಗಿದೆ, 2015ರಲ್ಲಿ 7 ಬಂತು, 2020ರಲ್ಲಿ 8 ಬಂತು, ಭಾಷೆ ಎಷ್ಟೋ ಬದಲಾಯ್ತು. ಹಾಗಾಗಿ ನಿಮಗೆ ಹತ್ತಿರದ ಮೆಟ್ಟಿಲು ಪಿಎಚ್‌ಪಿ 8, ಜೊತೆಗೆ ಲಾರಾವೆಲ್ (ಪಿಎಚ್‌ಪಿಯ ಫ್ರೇಮ್‌ವರ್ಕ್, ಅಂದ್ರೆ ಸಿದ್ಧ ಚೌಕಟ್ಟು), ಕಂಪೋಸರ್ (ಬೇಕಾದ ಲೈಬ್ರರಿಗಳನ್ನ ತಂದುಕೊಡೋ ಟೂಲ್), ಪಿಎಚ್‌ಪಿಯುನಿಟ್‌ನಲ್ಲಿ ಕೋಡ್ ಸರಿಯಿದೆಯಾ ಅಂತ ತಾನೇ ನೋಡೋ ಟೆಸ್ಟ್ ಬರೆಯೋದು. ಅರ್ಧ ದಾರಿ ನಿಮಗೆ ಈಗಾಗ್ಲೇ ಗೊತ್ತಿರೋದ್ರಿಂದ ಬೇಗ ಕೈಗೆ ಹತ್ತುತ್ತೆ.

ಇನ್ನೊಂದು, ಡೇಟಾಬೇಸ್‌ನಿಂದ ಮಾಹಿತಿ ಕೇಳೋ ಭಾಷೆ ಎಸ್‌ಕ್ಯೂಎಲ್. ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ, ಭಾಷೆ ಯಾವುದೇ ಇರ್ಲಿ, ಹಿಂದುಗಡೆ ಡೇಟಾಬೇಸ್ ಇದ್ದೇ ಇರುತ್ತೆ. ನಿಮ್ಮ ಆಫೀಸಲ್ಲಿ ತೆವಳ್ಕೊಂಡು ಬರೋ ರಿಪೋರ್ಟ್ ಒಂದಾದ್ರೂ ಇರುತ್ತಲ್ಲ, ಟೆಸ್ಟ್ ಸರ್ವರ್‌ನಲ್ಲಿ ಅದರ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಎಸ್‌ಕ್ಯೂಎಲ್ ಸಾಲು) ಮುಂದೆ ಎಕ್ಸ್‌ಪ್ಲೇನ್ (EXPLAIN) ಅಂತ ಸೇರಿಸಿ ರನ್ ಮಾಡಿ, ಡೇಟಾಬೇಸ್ ಅದನ್ನ ಹೇಗೆ ಹುಡುಕುತ್ತೆ ಅಂತ ತೋರಿಸುತ್ತೆ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದ್ರೆ ಟೈಪ್ ಅನ್ನೋ ಕಾಲಮ್‌ನಲ್ಲಿ 'ಆಲ್' ಅಂತ ಬಂತು ಅಂದ್ರೆ ಅದು ಇಡೀ ಟೇಬಲ್ಲನ್ನ ಮೊದಲಿಂದ ಕೊನೇತನಕ ಓದ್ತಿದೆ ಅಂತ ಅರ್ಥ. ಕ್ವೆರಿಯ ವೇರ್ (WHERE) ಭಾಗದಲ್ಲಿ ಹುಡುಕ್ತಿರೋ ಕಾಲಮ್‌ಗೆ ಇಂಡೆಕ್ಸ್ (ಪುಸ್ತಕದ ಕೊನೇಲಿರೋ ಸೂಚಿ ಥರ) ಹಾಕಿ ಮತ್ತೆ ನೋಡಿ, ಟೈಪ್ 'ರೆಫ್' ಅಂತ, ಅಂದ್ರೆ ಇಂಡೆಕ್ಸ್ ಬಳಸಿ ಹುಡುಕ್ತಿದೆ ಅಂತ ಬದಲಾಗಿ, ರೋಸ್ (rows, ಓದಬೇಕಾದ ಸಾಲುಗಳ ಅಂದಾಜು) ಕಾಲಮ್‌ನಲ್ಲಿದ್ದ ದೊಡ್ಡ ಸಂಖ್ಯೆ ದಢಕ್ಕಂತ ಇಳಿದ್ರೆ ನೀವು ಸರಿಯಾದ ಜಾಗ ಹಿಡಿದಿದೀರಿ. ಎಷ್ಟು ಸೆಕೆಂಡ್ ಇದ್ದಿದ್ದು ಎಷ್ಟಾಯ್ತು ಅಂತ ಬರೆದಿಟ್ಕೊಳ್ಳಿ. ನಾನು ಇಂಟರ್‌ವ್ಯೂ ತಗೊಳ್ಳುವಾಗ ಯಾರಾದ್ರೂ ಇಂಥದ್ದೊಂದನ್ನ ಬಿಡಿಸಿ ಹೇಳಿದ್ರೆ ಸರ್ಟಿಫಿಕೇಟ್ ಕಡೆ ತಿರುಗಿಯೂ ನೋಡಲ್ಲ.

ಆಮೇಲೆ ನಿಮ್ಮದೇ ಒಂದು ಸಣ್ಣ ಪ್ರಾಜೆಕ್ಟ್, ಮನೆ ಖರ್ಚಿನ ಲೆಕ್ಕ ಆದ್ರೂ ಸಾಕು. ಲಾಗಿನ್, ನಾಲ್ಕೈದು ಟೇಬಲ್, ಟೆಸ್ಟ್, ಡಾಕರ್‌ನಲ್ಲಿ (ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಡಬ್ಬಿಗೆ ತುಂಬೋ ಟೂಲ್) ಓಡಬೇಕು, ಬೇರೆಯವರು ರೀಡ್‌ಮಿ (ಪ್ರಾಜೆಕ್ಟ್ ಜೊತೆಗಿರೋ ಸೂಚನೆಗಳ ಫೈಲ್) ಓದಿ ಅವರ ಮಷೀನಲ್ಲಿ ಎಬ್ಬಿಸೋ ಹಾಗಿರ್ಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡೋ ಗಿಟ್‌ನಲ್ಲಿ ದಿನಾ ಸಣ್ಣ ಸಣ್ಣ ಕಮಿಟ್ (ಒಂದೊಂದು ಬದಲಾವಣೆಯ ದಾಖಲೆ) ಹಾಕಿ, 'ಚೇಂಜಸ್' ಅಂತ ಬರೀದೆ ಏನು ಯಾಕೆ ಬದಲಾಯಿಸಿದ್ರಿ ಅಂತ ಬರೀರಿ. ಕಂಪನಿ ಕೋಡ್ ಮಾತ್ರ ಒಂದು ಸಾಲೂ ಅದರಲ್ಲಿ ಸೇರಬಾರದು!

ಪೈಥಾನ್ ಬೇಡ ಅಂತಿಲ್ಲ. ಇದು ಮುಗಿದ್ಮೇಲೆ ಇದೇ ಪ್ರಾಜೆಕ್ಟಿನ ಒಂದು ಭಾಗಾನ ಪೈಥಾನ್‌ನಲ್ಲಿ ಮತ್ತೆ ಬರೀರಿ, ಲೂಪ್, ಫಂಕ್ಷನ್, ಅರೇ ಎಲ್ಲ ಹಳೇ ಪರಿಚಯದವೇ. ರಿಯಾಕ್ಟ್ (ವೆಬ್‌ಸೈಟಿನ ಕಣ್ಣಿಗೆ ಕಾಣೋ ಭಾಗ ಕಟ್ಟೋ ಲೈಬ್ರರಿ) ಸದ್ಯಕ್ಕೆ ಬಿಟ್ಬಿಡಿ.

ಎಲ್ಲಾ ಕಲಿತ್ಮೇಲೆ ಅಪ್ಲೈ ಮಾಡ್ತೀನಿ ಅಂತ ಕೂರಬೇಡಿ, ಈಗ್ಲಿಂದಾನೇ ಹಾಕ್ತಾ ಇರಿ. ಇಂಟರ್‌ವ್ಯೂನಲ್ಲಿ ಉತ್ತರ ಬರದೇ ಇದ್ದ ಪ್ರಶ್ನೆಗಳನ್ನ ಅವತ್ತು ರಾತ್ರಿನೇ ಬರ್ಕೊಳ್ಳಿ, ಮುಂದಿನ ವಾರ ಓದೋಕೆ ಬೇಕಾಗಿದ್ದು ಅದೇ.