ಬೂಷ್ಟು ಹಿಡಿಯದ ಬಟ್ಟೆಯ ಚೌಕಗಳು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೆಯ ಮನೆಯ ಜಗಲಿಗೆ ಸೇರಿದ ಕೋಣೆಯಲ್ಲಿ ಹೊಲಿಗೆ, ಕಸೂತಿ ಕಲಿಸುತ್ತೇನೆ. ಹೋದ ವರ್ಷ ಥರ್ಮೋಕೋಲ್ ಹಲಗೆಗಳಿಗೆ ಮೈದಾ ಅಂಟಿನಿಂದ ಸ್ಯಾಟಿನ್ ಬಟ್ಟೆ ಅಂಟಿಸಿ ಅಲಂಕಾರಕ್ಕೆಂದು ಗೋಡೆಗೆ ಹಾಕಿದ್ದೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದು ಕೋಣೆಯೆಲ್ಲ ಮುಗ್ಗಲು ವಾಸನೆ. ಕಡಿಮೆ ಖರ್ಚಿನಲ್ಲಿ ಬೇರೆ ಉಪಾಯವಿದೆಯೇ? ಥರ್ಮೋಕೋಲ್ ಬದಲು ಏನು ಬಳಸಲಿ?

ಉತ್ತರ: ನೀವು ಥರ್ಮೋಕೋಲನ್ನು ಅನ್ಯಾಯವಾಗಿ ದೂರುತ್ತಿದ್ದೀರಿ. ಬೂಷ್ಟಿಗೆ ಊಟ ಬಡಿಸಿದ್ದು ಮೈದಾ ಅಂಟು. ಎಲೆ ಹಾಸಿ ಕೂರಿಸಿದ್ದು ತೇವದ ಗೋಡೆಗೆ ಒತ್ತಿಕೊಂಡಿದ್ದ ಹಲಗೆಯ ಹಿಂಬದಿ. ಹಿಂದೆ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಚೂರು ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದುದುಂಟು; ಅಡಿಕೆಯ ಕೊಳೆರೋಗದ ಔಷಧಿಗೆಂದು ತಂದದ್ದು ನಿಮ್ಮ ಮನೆಯಲ್ಲೂ ಇರಬಹುದು. ಆದರೆ ಅದು ವಿಷ, ಬಟ್ಟೆಗೂ ಕಲೆ ಮಾಡುತ್ತದೆ. ಮಕ್ಕಳು ಬಂದುಹೋಗುವ ಕೋಣೆಗೆ ಬೇಡ. ಅಂಟನ್ನೇ ಕೈಬಿಡುವುದು ಮೇಲು.

ಬಡಗಿಯ ಅಂಗಡಿಯಲ್ಲಿ ಉಳಿದ ಪ್ಲೈವುಡ್ ತುಂಡುಗಳನ್ನು ಕೇಳಿ ತಂದು, 10 ಅಂಗುಲದ ಚೌಕಗಳಾಗಿ ಕೊಯ್ಯಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿಕೊಳ್ಳಿ. ರಟ್ಟು ಅಗ್ಗವಾದರೂ ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಟ್ಟೆಯನ್ನು ಮೊದಲೇ ಒಗೆದು, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಇಸ್ತ್ರಿ ಮಾಡಿ, 14 ಅಂಗುಲದ ಚೌಕಗಳಾಗಿ ಕತ್ತರಿಸಿ. 44 ಅಂಗುಲ ಪನ್ನದ (ಅಗಲದ) ಬಟ್ಟೆ ಒಗೆದ ಮೇಲೂ 42 ಅಂಗುಲ ಉಳಿದರೆ ಒಂದು ಮೀಟರಿನಲ್ಲಿ ಆರು ಚೌಕಗಳು ಸಿಗುತ್ತವೆ, ಮೇಲೊಂದು ಪಟ್ಟಿಯೂ ಮಿಗುತ್ತದೆ. ಹಲಗೆಯ ಮೇಲೆ ಹಳೆಯ ಪಂಚೆಯನ್ನು ಎರಡು ಪದರವಾಗಿ ಹಾಸಿದರೆ ಮೈ ತುಂಬಿಕೊಂಡಂತೆ ಕಾಣುತ್ತದೆ.

ಇನ್ನು ಬಿಗಿಯುವ ಕೆಲಸ. ಸ್ಟೇಪ್ಲರ್ ಪಿನ್ನುಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿಡುವುದರಿಂದ, ಹಿಂಬದಿಗೆ ಮಡಚಿದ ಎದುರುಬದುರು ಅಂಚುಗಳನ್ನು ಗಟ್ಟಿ ನೂಲಿನಿಂದ, ಮಂಚಕ್ಕೆ ಹಗ್ಗ ಹೆಣೆದಂತೆ ಅತ್ತಿಂದಿತ್ತ ಹೊಲಿದು ಎಳೆಯಿರಿ. ನಡುವಿನಿಂದ ಆರಂಭಿಸಿ ಮೂಲೆಗಳತ್ತ ಸಾಗಬೇಕು. ಮೂಲೆಯಿಂದ ಹೊರಟರೆ ಬಟ್ಟೆಯ ಎಳೆಗಳು ಓರೆಯಾಗಿ, ಚೌಕಳಿ ವಿನ್ಯಾಸವಿದ್ದರೆ ಆ ತಪ್ಪು ದೂರದಿಂದಲೇ ಕಾಣುತ್ತದೆ. ಕಸೂತಿ ಕಲಿಸುವ ನಿಮಗೆ ಇದು ಕಷ್ಟದ ಕೆಲಸವಲ್ಲ. ದೀಪಾವಳಿಯ ಹೊತ್ತಿಗೆ ನೂಲು ಕತ್ತರಿಸಿ, ಬಟ್ಟೆ ಒಗೆದು ಮತ್ತೆ ಹೆಣೆಯಬಹುದು ಎಂಬುದೇ ಇದರ ದೊಡ್ಡ ಲಾಭ.

ಹಲಗೆಯ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಗಳನ್ನು ಅಂಟಿಸಿ; ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡಬೇಕು. ಮಳೆಯ ಎರಚಲು ಬಡಿಯುವ ಹೊರಗೋಡೆಯ ಒಳಮೈಗೆ ಏನನ್ನೂ ತೂಗುಹಾಕಬೇಡಿ, ಒಳಗಿನ ಅಡ್ಡಗೋಡೆಯನ್ನು ಆರಿಸಿಕೊಳ್ಳಿ. ಮಣ್ಣಿನ ಗೋಡೆಯಾಗಿದ್ದರೆ ಮೊಳೆ ಸಡಿಲವಾಗುತ್ತದೆ, ಮೇಲಿನ ತೊಲೆಯಿಂದ ದಾರ ಇಳಿಬಿಡಿ.

ಬಟ್ಟೆಯ ಆಯ್ಕೆಯಲ್ಲಿ ನನ್ನ ಮತ ಸ್ಯಾಟಿನ್‌ಗೆ ಇಲ್ಲ, ಒಂದು ಸುಕ್ಕನ್ನೂ ಅದು ಮರೆಮಾಚುವುದಿಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಎಂಬ ಸಹಕಾರ ಸಂಘದ ಮಹಿಳೆಯರು ನೇಯ್ಗೆಯಲ್ಲಿ ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಸಹಜ ಬಣ್ಣಗಳನ್ನು ಬಳಸುತ್ತಾರೆ. ಅಂಥ ಕೆಂಗಂದು ಕೈಮಗ್ಗದ ಬಟ್ಟೆಯ ಮೇಲೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರದ ಬಿಳಿಗೆರೆಗಳನ್ನು ಬಟ್ಟೆಗೆ ಬಳಿಯುವ ಬಣ್ಣದಿಂದ ಎಳೆದರೆ, ಕೆಮ್ಮಣ್ಣಿನ ಗೋಡೆಯ ಒಂದು ತುಂಡನ್ನೇ ತಂದಿಟ್ಟಂತಿರುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಮಾತ್ರ ಸಹಜ ಬಣ್ಣ ಬೇಗ ಮಾಸುತ್ತದೆ.

ಪ್ರಶ್ನೆ: ಅಜ್ಜಿಯ ಹರಿದ ರೇಷ್ಮೆ ಸೀರೆಯ ಜರಿಯಂಚನ್ನು ಇದಕ್ಕೆ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ಒಂದೇ ಚೌಕಕ್ಕೆ. ತೇವಕ್ಕೆ ಜರಿ ಕಪ್ಪಾಗುತ್ತದೆ, ಒಗೆಯಲೂ ಆಗದು. ಮೃಗಶಿರಾ ಮಳೆ ಹಿಡಿಯುವ ಮೊದಲು ಅದನ್ನು ಇಳಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಡಿ.