ಓದುಗರ ಪ್ರಶ್ನೆ: ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್), ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಸೇರಿಸಿ ವೆಲ್ಡ್ ಮಾಡಿದ್ರೆ ಕ್ರ್ಯಾಕ್ ಯಾಕೆ?

ಪ್ರಶ್ನೆ: ಸರ್, ನಮ್ದು ಚಿಕ್ಕ ಫ್ಯಾಬ್ರಿಕೇಶನ್ ಶಾಪ್. 10 ಎಂಎಂ ಎಂಎಸ್ ಪ್ಲೇಟಿಗೆ 304 ಎಸ್ಎಸ್ ಬ್ರ್ಯಾಕೆಟ್ ವೆಲ್ಡ್ ಮಾಡಿದ್ವಿ, ರಾಡು 308ಎಲ್. ಬೀಡ್ (ವೆಲ್ಡ್ ಆದ ಗೆರೆ) ನೋಡೋಕೆ ಚೆನ್ನಾಗೇ ಬಂತು, ಆದ್ರೆ ಆರಿದ್ಮೇಲೆ ಉದ್ದಕ್ಕೆ ಕೂದಲೆಳೆ ಕ್ರ್ಯಾಕ್. ರಾಡೇ ಡೂಪ್ಲಿಕೇಟಾ? — ಓದುಗರು, ಹುಬ್ಬಳ್ಳಿ

ಉತ್ತರ: ರಾಡ್ ಮೇಲೆ ಆಮೇಲೆ ಅನುಮಾನ ಪಡಿ, ಮೊದಲು ಬೀಡ್ ಒಳಗೆ ಏನಿದೆ ನೋಡೋಣ. ಅಲ್ಲಿರೋದು ಬರೀ ರಾಡ್ ಅಲ್ಲ, ಆರ್ಕ್ (ರಾಡ್ ತುದಿಯಲ್ಲಿ ಉರಿಯೋ ಕರೆಂಟಿನ ಬೆಂಕಿ) ಎರಡೂ ಕಡೆ ಪ್ಲೇಟನ್ನ ಕರಗಿಸಿ ಅದೇ ಗುಂಡಿಯಲ್ಲಿ ಸೇರಿಸುತ್ತೆ, ಕರೆಂಟಿನ ಬಲದಿಂದ ಅದು ಸುತ್ತಿ ಸುತ್ತಿ ಹೆಚ್ಚುಕಮ್ಮಿ ಒಂದೇ ಸಮ ಕಲೆಯುತ್ತೆ. ಹೀಗೆ ಪ್ಲೇಟಿಂದ ಬಂದ ಪಾಲಿಗೆ ಡೈಲ್ಯೂಷನ್ ಅಂತಾರೆ. ರಾಡ್ ವೆಲ್ಡಿಂಗಲ್ಲಿ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್, ಆಂಪಿಯರ್ ಏರಿಸಿದ್ರೆ ಇನ್ನೂ ಜಾಸ್ತಿ.

ನಿಮ್ಮ ಬೀಡಲ್ಲಿ 40 ಪರ್ಸೆಂಟ್ ಅಂದ್ಕೊಳ್ಳಿ. 100 ಗ್ರಾಂನಲ್ಲಿ ರಾಡ್ 60, ಎಸ್ಎಸ್ 20, ಎಂಎಸ್ 20. 308ಎಲ್ ನಲ್ಲಿ ಕ್ರೋಮಿಯಂ ಸುಮಾರು 20 ಪರ್ಸೆಂಟ್, ನಿಕಲ್ 10. 304ರಲ್ಲಿ 18, 8. ಎಂಎಸ್ ಕಡೆಯಿಂದ ಎರಡೂ ಸೊನ್ನೆ, ಮೇಲಾಗಿ ಕಾರ್ಬನ್ ಬೇರೆ ತರುತ್ತೆ. ಕೂಡಿದ್ರೆ ಕ್ರೋಮಿಯಂ 15.6, ನಿಕಲ್ 7.6. ಇವೆರಡೂ ಇಷ್ಟು ಕಮ್ಮಿಯಾದ್ರೆ ಆರುವಾಗ ಮಾರ್ಟೆನ್ಸೈಟ್ ಅನ್ನೋ ಉಕ್ಕಿನ ರೂಪ ಆಗುತ್ತೆ, ಗಡಸು, ಬಗ್ಗಲ್ಲ, ಎಳೆದ್ರೆ ಸೀಳುತ್ತೆ. ಫಿಲ್ಲರ್ (ಸೇರಿಸೋ ರಾಡ್) ಇಲ್ದೆ ಟಿಗ್ (ಕರಗದ ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) ಹೊಡೆದು ಅಂಟಿಸೋರೂ ಇದ್ದಾರೆ, ಅಲ್ಲಂತೂ ಕ್ರೋಮಿಯಂ 9ಕ್ಕೆ ಬರುತ್ತೆ, ಅದನ್ನ ಮಾಡ್ಲೇಬೇಡಿ.

308ಎಲ್ ಬದಲು 309ಎಲ್ ರಾಡ್ ತಗೊಳ್ಳಿ. ಅದರಲ್ಲಿ ಕ್ರೋಮಿಯಂ 23-24, ನಿಕಲ್ 13ರ ಹತ್ರ, ಎಂಎಸ್ ತಿಂದುಹಾಕೋ ಪಾಲನ್ನೂ ಲೆಕ್ಕ ಹಾಕಿಯೇ ಜಾಸ್ತಿ ಇಟ್ಟಿರೋದು. ಅದೇ 40 ಪರ್ಸೆಂಟಲ್ಲೂ ಕ್ರೋಮಿಯಂ 17.4ರಿಂದ 18ರಲ್ಲಿ, ನಿಕಲ್ 9ರ ಮೇಲೆ ನಿಲ್ಲುತ್ತೆ. ಆದ್ರೂ ಆಂಪಿಯರ್ ಪ್ಯಾಕೆಟ್ ಮೇಲಿರೋ ರೇಂಜಲ್ಲಿ ಕೆಳಗೇ ಇಡಿ, ಆರ್ಕ್ ಎಂಎಸ್ ಮೇಲೆ ನಿಲ್ಲಿಸ್ಬೇಡಿ. ಮೊದಲ ರನ್ನಲ್ಲೇ (ಮೊದಲ ಸಲ ಎಳೆಯೋ ಬೀಡಲ್ಲೇ) ಪ್ಲೇಟ್ ಜಾಸ್ತಿ ಕರಗೋದು, ಎರಡನೇ ರನ್ ಹೊತ್ತಿಗೆ ಅದು ಕಮ್ಮಿಯಾಗುತ್ತೆ, ಆದ್ರೆ ಕೆಳಗಿನ ಕ್ರ್ಯಾಕ್ ಹಾಗೇ ಉಳಿಯುತ್ತೆ, ಹಾಗಾಗಿ ಕ್ರ್ಯಾಕ್ ಬಂದ ಬೀಡನ್ನ ಗ್ರೈಂಡರಲ್ಲಿ ಪೂರ್ತಿ ತೆಗೀರಿ, ಮೇಲಿಂದ ಮುಚ್ಚೋದು ಬೇಡ.

309ರ ಬೀಡಿಗೆ ಮ್ಯಾಗ್ನೆಟ್ ಸ್ವಲ್ಪ ಹಿಡಿದ್ರೆ ಗಾಬರಿ ಆಗ್ಬೇಡಿ, ಅದು ಫೆರೈಟ್ (ಮ್ಯಾಗ್ನೆಟ್ ಹಿಡಿಯೋ ಉಕ್ಕಿನ ರೂಪ), ಸ್ವಲ್ಪ ಇದ್ರೆ ಬಿಸಿಯಲ್ಲಿ ಬರೋ ಕ್ರ್ಯಾಕ್ ತಡೆಯುತ್ತೆ.