ಕನ್ನಡ ಸಿನಿಮಾಕ್ಕೆ ಕನ್ನಡದಲ್ಲೇ ಅಕ್ಷರ ಬೇಕು

ಪ್ರಶ್ನೆ: ಟೀಚರ್, ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಸನ್ನೆ ಭಾಷೆಯಲ್ಲಿ ಮಾತಾಡುತ್ತಾಳೆ, ಕನ್ನಡ ಓದುತ್ತಾಳೆ. ಶಿವಮೊಗ್ಗಕ್ಕೆ ಸಿನಿಮಾಕ್ಕೆ ಕರೆದುಕೊಂಡು ಹೋದರೆ ಪರದೆ ಮೇಲೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತೆ, ಇಲ್ಲವಾದರೆ ಏನೂ ಇರಲ್ಲ. ಇಂಟರ್ವಲ್‌ಗೇ ಮನೆಗೆ ಹೋಗೋಣ ಅಂತಾಳೆ. ತುಟಿ ನೋಡಿ ತಿಳ್ಕೊಬಹುದಲ್ವಾ ಅನ್ನುತ್ತಾರೆ ಮನೆಯವರು. ಕಾನೂನಿನಲ್ಲಿ ದಾರಿ ಇದೆಯಾ?
– ಓದುಗ, ತೀರ್ಥಹಳ್ಳಿ

ಉತ್ತರ: ದಾರಿ ಇದೆ ತಮ್ಮಾ. ಮೊದಲು ಮನೆಯವರಿಗೆ ಉತ್ತರ ಹೇಳಿಬಿಡುತ್ತೇನೆ.

ಕಿವಿ ಕೇಳಿಸದ ಮಕ್ಕಳಿಗೇ ಪಾಠ ಹೇಳಿಕೊಂಡು ಬಂದವಳು ನಾನು. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವರಿಗೆ ಪಾಠ ಅಲ್ಲಿಗೇ ನಿಂತಂತೆ. ಸಿನಿಮಾದಲ್ಲಂತೂ ಇದೇ ಜಾಸ್ತಿ. ಅಮ್ಮ ಒಲೆ ಕಡೆ ಮುಖ ಮಾಡಿಕೊಂಡು ಮಾತಾಡುತ್ತಾಳೆ. ಫೋನಿನ ಆ ಕಡೆಯವರು ಕಾಣುವುದೇ ಇಲ್ಲ. ಹೀರೋಗೆ ತುಟಿ ಮುಚ್ಚುವಷ್ಟು ಗಡ್ಡ ಮೀಸೆ. ಡಬ್ಬಿಂಗ್ ಚಿತ್ರವಾದರೆ ಹೇಳುವುದೇ ಬೇಡ, ತುಟಿ ಆಡುವುದು ತೆಲುಗು, ದನಿ ಕನ್ನಡ. ಆ ಹುಡುಗಿ ಏನಂತ ಓದಬೇಕು?

ಇಂಗ್ಲಿಷ್ ಸಬ್‌ಟೈಟಲ್ ಇರುವುದು ಕನ್ನಡ ಬಾರದ, ಆದರೆ ಕಿವಿ ಕೇಳುವವರಿಗೆ. ನಿಮ್ಮ ತಂಗಿಗೆ ಬೇಕಾದದ್ದು ಕ್ಯಾಪ್ಷನ್. ಅದರಲ್ಲಿ ಮಾತಿನ ಜೊತೆಗೆ ಸದ್ದೂ ಇರುತ್ತದೆ: 'ಹೊರಗೆ ಜೀಪ್ ಬಂದು ನಿಂತ ಸದ್ದು', 'ಅಜ್ಜಿ ಒಳಗಿನಿಂದ ಕೂಗುತ್ತಾರೆ'. ಇಷ್ಟು ಬರೆಯದಿದ್ದರೆ ನಾಯಕಿ ಯಾಕೆ ಬೆಚ್ಚಿ ಬಾಗಿಲ ಕಡೆ ನೋಡಿದಳು ಅನ್ನುವುದೇ ಗೊತ್ತಾಗುವುದಿಲ್ಲ. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಬಂತು. ಅದಕ್ಕೆ ಮುಂಚಿನ ಮೂಕಿ ಚಿತ್ರಗಳಲ್ಲಿ ಮುಖ್ಯವಾದ ಮಾತು ಅಕ್ಷರದಲ್ಲೇ ಬರುತ್ತಿತ್ತು, ಓದಲು ಬಂದರೆ ಸಾಕಿತ್ತು. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಕನ್ನಡ ಎರಡನೇ ಭಾಷೆ. ಸನ್ನೆ ಭಾಷೆಯ ವ್ಯಾಕರಣವೇ ಬೇರೆ. ಕ್ಯಾಪ್ಷನ್ ಸರಸರ ಓಡಿದರೆ ಅವರ ಕೈಗೆ ಸಿಗುವುದಿಲ್ಲ. ಅಂಥವರಿಗೆ ಪರದೆಯ ಮೂಲೆಯಲ್ಲಿ ಸನ್ನೆ ಮಾಡುವವರು ಕಾಣಬೇಕು, ಅದೂ ಮುಖ ಚೆನ್ನಾಗಿ ಕಾಣುವಷ್ಟು ದೊಡ್ಡದಾಗಿ. ಹೌದೋ ಅಲ್ಲವೋ ಅನ್ನುವ ಪ್ರಶ್ನೆಯನ್ನು ಹುಬ್ಬು ಏರಿಸಿಯೇ ಕೇಳುತ್ತಾರೆ. ಅಂಚೆಚೀಟಿಯಷ್ಟು ಚೌಕದಲ್ಲಿ ಹುಬ್ಬು ಎಲ್ಲಿ ಕಾಣುತ್ತೆ?

ಈಗ ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಕ್ಯಾಪ್ಷನ್, ಸನ್ನೆ ಭಾಷೆ ಎರಡರ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಕಿವಿ ಕೇಳಿಸದವರಿಗೂ ಚಿತ್ರ ತಿಳಿಯುವ ವ್ಯವಸ್ಥೆ ಮಾಡಲು, ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸರ್ಟಿಫಿಕೇಟ್ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷದ ಗಡುವು ಕೊಟ್ಟಿತ್ತು. ಎಲ್ಲರಿಗೂ ಕಾಣುವಂತೆ ಪರದೆ ಮೇಲೆಯೇ ಅಕ್ಷರ ಹಾಕಬಹುದು. ಬೇಕಾದವರಿಗೆ ಮಾತ್ರ ಕನ್ನಡಕದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ತೋರಿಸಬಹುದು. ನನ್ನನ್ನು ಕೇಳಿದರೆ ನಮ್ಮ ಕಡೆಗೆ ಪರದೆ ಮೇಲಿನ ಅಕ್ಷರವೇ ವಾಸಿ. ಚಾರ್ಜ್ ಮಾಡುವ ಕನ್ನಡಕವಿಲ್ಲ, ನೆಟ್‌ವರ್ಕ್ ಹುಡುಕುವ ಗೋಳಿಲ್ಲ. ಕಿವಿ ಮಂದವಾದ ಅಜ್ಜ ಅಜ್ಜಿಯರೂ ಓದಿಕೊಳ್ಳುತ್ತಾರೆ.

ಹಾಗಾಗಿ ಥಿಯೇಟರ್ ಮ್ಯಾನೇಜರ್‌ಗೆ ಒಂದು ಪತ್ರ ಬರೆಯಿರಿ. 'ಸೌಲಭ್ಯ ಕೊಡಿ' ಅಂತ ಸುಮ್ನೆ ಬರೆಯಬೇಡಿ. 'ವಾರಕ್ಕೆ ಒಂದು ಆಟ, ಕನ್ನಡ ಚಿತ್ರಕ್ಕೆ ಕನ್ನಡ ಕ್ಯಾಪ್ಷನ್' ಎಂದು ಬಿಡಿಸಿ ಕೇಳಿ. ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಹೋಗಲಿ. ಸಹಿ ನಿಮ್ಮದಲ್ಲ, ತಂಗಿಯದೇ ಇರಲಿ. ಅವಳ ಶಾಲೆಯ ಗೆಳತಿಯರೂ ಕೆಳಗೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಟಿಕೆಟ್ ಕೊಳ್ಳುವವರು ಇಷ್ಟು ಜನ ಇದ್ದಾರೆ ಅಂತ ಮ್ಯಾನೇಜರ್‌ಗೂ ಗೊತ್ತಾಗುತ್ತದೆ.